ಮಗ್ಗುಲ ಗೂಡು

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿದ್ದ ನಮ್ಮ ಅಜ್ಜಿ ಮನೆಯ ನಡುಕೋಣೆಯ ಗೋಡೆಯಲ್ಲಿ ಒಂದು ಗೂಡಿತ್ತು. ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ, ಒಳಕ್ಕೆ ಮುಕ್ಕಾಲು ಅಡಿ. ತಳ ಮಟ್ಟಸ, ನೆತ್ತಿ ದುಂಡಗೆ. ಪ್ರತಿವರ್ಷ ಯುಗಾದಿಗೆ ಮುಂಚೆ ಸುಣ್ಣ ಬಳಿದೂ ಬಳಿದೂ ಅದರ ಅಂಚುಗಳೆಲ್ಲ ಮೊಂಡಾಗಿದ್ದವು. ನೆತ್ತಿಗೆ ಹಿಡಿದಿದ್ದ ದೀಪದ ಮಸಿ ಮಾತ್ರ, ಎಷ್ಟು ಸುಣ್ಣ ಹೊಡೆದರೂ ನಾಲ್ಕು ದಿನಕ್ಕೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಅಜ್ಜಿ ಮಲಗುತ್ತಿದ್ದದ್ದು ನೆಲದ ಮೇಲೆ, ಹತ್ತಿಯ ಹಾಸಿಗೆ ಹಾಸಿಕೊಂಡು, ದಕ್ಷಿಣಕ್ಕೆ ತಲೆ ಹಾಕಿ. ಆ ಗೂಡು ಸರಿಯಾಗಿ ಅವಳ ಬಲಮಗ್ಗುಲಿಗೆ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಬರುತ್ತಿತ್ತು.

ಅದರಲ್ಲಿದ್ದ ಸಾಮಾನು ಎಣಿಸಿದಷ್ಟೇ. ಎಲೆಯಡಿಕೆಯ ಸಂಚಿ, ಸುಣ್ಣದ ಡಬ್ಬಿ, ಅಡಕತ್ತರಿ, ಬೆಂಕಿಪೊಟ್ಟಣ, ಅಮೃತಾಂಜನದ ಸೀಸೆ, ಮೇಲೆ ಲೋಟ ಬೋರಲು ಹಾಕಿದ ಒಂದು ಚೊಂಬು ನೀರು. ಒಂದೊಂದಕ್ಕೂ ಅದರದ್ದೇ ಜಾಗ. ನಾವು ಮಕ್ಕಳು ಬೆಂಕಿಪೊಟ್ಟಣವನ್ನು ಎಡದಿಂದ ಬಲಕ್ಕೆ ಸರಿಸಿಟ್ಟರೂ ಅವತ್ತು ರಾತ್ರಿ ಬೈಗುಳ ಗ್ಯಾರಂಟಿ. ಕರೆಂಟು ಹೋದ ಕಗ್ಗತ್ತಲೆಯಲ್ಲಿ ಅವಳ ಕೈ ಎಲ್ಲೂ ತಡಕಾಡದೆ ನೇರ ಹೋಗಿ ಬೇಕಾದ್ದನ್ನೇ ಹಿಡಿಯುತ್ತಿತ್ತು. ಗೂಡಿನ ಕೆಳಗಿನ ಅಂಚು ಬಲಗಡೆ ಒಂದು ಅಂಗೈ ಅಗಲದಷ್ಟು ಸವೆದು ನುಣ್ಣಗಾಗಿತ್ತು. ಅದು ಯಾಕೆ ಹಾಗೆ ಸವೆದಿತ್ತು ಎನ್ನುವುದು ನನಗೆ ತಿಳಿದದ್ದು ಇತ್ತೀಚೆಗೆ, ನಮ್ಮಮ್ಮ ಬಿದ್ದ ಮೇಲೆ.

ಎರಡು ವರ್ಷದ ಹಿಂದಿನ ಮಾತು. ವಿನೋಬನಗರದ ನಮ್ಮ ಮನೆಯಲ್ಲಿ ಅಮ್ಮನ ಮಂಚದ ಪಕ್ಕಕ್ಕೆಂದು ನಾನೇ ಹೋಗಿ ಒಂದು ಚಿಕ್ಕ ಮೇಜು ತಂದಿದ್ದೆ. ಕಸ ಗುಡಿಸುವಾಗ ಸರಿಸಲು ಸುಲಭವಾಗಲಿ ಅಂತ ಅದಕ್ಕೆ ಚಕ್ರ ಇತ್ತು. ಬೆಳಗಿನ ಜಾವ ಮೂರೂವರೆಗೆ ಬಚ್ಚಲಿಗೆ ಹೋಗಲು ಎದ್ದ ಅಮ್ಮ, ಆ ಮೇಜಿನ ಮೇಲೆ ಕೈ ಊರಿದಳು. ಮೇಜು ಸರಿಯಿತು. ಬಲ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರು. ಆಗ ನೆನಪಾಯಿತು: ಅಜ್ಜಿಯೂ ಏಳುವಾಗ ಹಾಗೇ ಕೈ ಊರುತ್ತಿದ್ದಳು, ಆದರೆ ಊರುತ್ತಿದ್ದದ್ದು ಗೂಡಿನ ಅಂಚಿಗೆ. ಗೋಡೆ ಎಲ್ಲಿಗೂ ಸರಿಯುವುದಿಲ್ಲ. ಮೂವತ್ತು ನಲವತ್ತು ವರ್ಷ ಒಂದೇ ಜಾಗದಲ್ಲಿ ಅಂಗೈ ಊರಿ ಊರಿ ಅವಳು ಗೋಡೆಯನ್ನೇ ಸವೆಸಿದ್ದಳು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದೇ ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ನಂತರದ ಸ್ಥಾನ ಬೀಳುವುದಕ್ಕೇ. ಹೀಗೆ ಸಾಯುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಮನೆ ಕಟ್ಟುವಾಗ ಅಡುಗೆಮನೆಯ ಕಟ್ಟೆ ಎತ್ತರ ಎಷ್ಟಿರಬೇಕು, ದೇವರಮನೆ ಯಾವ ದಿಕ್ಕಿಗಿರಬೇಕು ಎಂದು ವಾರಗಟ್ಟಲೆ ಚರ್ಚೆ ಮಾಡುತ್ತೇವೆ. ಮಂಚದ ಪಕ್ಕದ ಎರಡಡಿ ಜಾಗದ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ದಿನದ ಏಳೆಂಟು ಗಂಟೆ ಅಲ್ಲೇ ಕಳೆಯುತ್ತೇವೆ. ಕಾಯಿಲೆ ಬಿದ್ದರೆ, ವಯಸ್ಸಾದರೆ, ಅದಕ್ಕಿಂತ ಜಾಸ್ತಿ. ಮಲಗುವ ಕೋಣೆಯನ್ನು ಬಾಗಿಲಲ್ಲಿ ನಿಂತು ನೋಡುವವರ ಕಣ್ಣಿಗಾಗಿ ಮಾಡಿಸುತ್ತೇವೆಯೇ ಹೊರತು ಮಲಗಿದವರ ಕೈಗಾಗಿ ಮಾಡಿಸುವುದಿಲ್ಲ. ಇದು ಬದಲಾಗಬೇಕು ಅನ್ನುವುದೇ ನನ್ನ ವಾದ.

ಮಲಗಿದವರ ಕೈಗೆಟಕುವ ಗೂಡು ನಮ್ಮೂರಿನವರಿಗೆ ಮಾತ್ರ ಹೊಳೆದ ವಿಚಾರವಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಅನ್ನುವ ದ್ವೀಪಗಳಿವೆ. 1850ರ ಒಂದು ಭಾರಿ ಬಿರುಗಾಳಿ ಅಲ್ಲಿನ ಮರಳ ದಿಬ್ಬವನ್ನು ಕಿತ್ತುಹಾಕಿದಾಗ ಅಡಿಯಲ್ಲಿ ಸ್ಕಾರಾ ಬ್ರೇ ಎಂಬ ಹಳ್ಳಿ ಸಿಕ್ಕಿತು. ಸುಮಾರು 5 ಸಾವಿರ ವರ್ಷ ಹಿಂದಿನ ಹಳ್ಳಿ ಅದು. ಮರ ಸಿಗದ ಜಾಗವಾದ್ದರಿಂದ ಮಂಚಗಳನ್ನೂ ಕಲ್ಲಿನಲ್ಲೇ ಕಟ್ಟಿಕೊಂಡಿದ್ದಾರೆ. ಆ ಕಲ್ಲುಮಂಚಗಳ ಹತ್ತಿರದ ಗೋಡೆಯಲ್ಲಿ ಸಣ್ಣ ಸಣ್ಣ ಗೂಡುಗಳಿವೆ! ಕಬ್ಬಿಣ ಕಾಣದ ಜನ, ಅಕ್ಷರ ಕಾಣದ ಜನ, ಮಲಗಿದಾಗ ಕೈಗೆ ಸಿಗುವಂತೆ ಒಂದು ಗೂಡು ಬೇಕು ಅನ್ನುವುದನ್ನು ಕಂಡುಕೊಂಡಿದ್ದರು. ಅದರ ಚಿತ್ರ ನೋಡಿದಾಗ ನನಗೆ ಕೋಟೆಯ ನಡುಕೋಣೆಯೇ ಕಣ್ಣಿಗೆ ಬಂತು.

ನಮ್ಮ ಕಡೆ ಇದಕ್ಕೆ ಗೂಡು ಅನ್ನುತ್ತೇವೆ, ಉತ್ತರ ಕರ್ನಾಟಕದವರು ಮಾಡ ಅನ್ನುತ್ತಾರೆ. ಗೋಡೆಗೆ ಅಡ್ಡಲಾಗಿ ಹಲಗೆ ಹೊಡೆದರೆ ಅದು ನಾಗಂದಿಗೆ. ಕದ ಇಟ್ಟರೆ ಗೋಡೆ ಬೀರು. ಹೆಸರು ಯಾವುದಾದರೂ ಆಗಲಿ, ಇವೆಲ್ಲ ಇದ್ದದ್ದು ಗೋಡೆ ದಪ್ಪ ಇದ್ದದ್ದರಿಂದ. ಮಣ್ಣಿನ ಗೋಡೆಯನ್ನು ಎರಡಡಿ ದಪ್ಪ ಕಟ್ಟುತ್ತಿದ್ದದ್ದು ಶೋಕಿಗಲ್ಲ. ಮಣ್ಣಿಗೆ ಭಾರ ತಾಳುವ ಶಕ್ತಿ ಕಡಿಮೆ. ಅಟ್ಟ, ತೊಲೆ, ಹೆಂಚು ಎಲ್ಲದರ ಭಾರವನ್ನೂ ಅಗಲಕ್ಕೆ ಹರಡಿ ನೆಲಕ್ಕಿಳಿಸಬೇಕು. ಹಾಗೆ ಕಟ್ಟಿದ ಗೋಡೆಯಲ್ಲಿ ಒಂಬತ್ತು ಇಂಚು ಒಳಕ್ಕೆ ಗೂಡು ಬಿಟ್ಟರೂ ಹಿಂದೆ ಹದಿನೈದು ಇಂಚು ಗೋಡೆ ಉಳಿಯುತ್ತದೆ.

ಇನ್ನು ಆ ದುಂಡು ನೆತ್ತಿ. ಗೂಡಿನ ಮೇಲಿರುವ ಗೋಡೆಯೆಲ್ಲ ಗೂಡಿನ ನೆತ್ತಿಯ ಮೇಲೇ ಕೂರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದರ ಮೇಲೆ ಬೀಳುವುದು ತ್ರಿಕೋನದಷ್ಟು ಗೋಡೆಯ ಭಾರ ಮಾತ್ರ. ಉಳಿದದ್ದು ಎಡಕ್ಕೂ ಬಲಕ್ಕೂ ಸರಿದು ಇಳಿದುಹೋಗುತ್ತದೆ, ಬೇಸಿಗೆಯಲ್ಲಿ ತುಂಗೆಯ ನೀರು ಬಂಡೆ ಬಳಸಿಕೊಂಡು ಹೋಗುವ ಹಾಗೆ. ನೆತ್ತಿಯನ್ನು ಕಮಾನಿನಂತೆ ದುಂಡಗೆ ಮಾಡಿದರೆ ಆ ಸ್ವಲ್ಪ ಭಾರವೂ ಪಕ್ಕಕ್ಕೆ ಜಾರುತ್ತದೆ. ಚಪ್ಪಟೆ ಬೇಕೆಂದರೆ ಮೇಲೊಂದು ಗಟ್ಟಿ ಮರದ ಹಲಗೆ ಕೂರಿಸಬೇಕು. ಓದು ಬರಹ ಬಾರದ ಗಾರೆಯವನೂ ಇದನ್ನು ಲೆಕ್ಕ ಹಾಕದೆ ಮಾಡುತ್ತಿದ್ದ.

ಕೋಟೆಯಲ್ಲೇ ಇರುವ ಶಿವಪ್ಪ ನಾಯಕನ ಅರಮನೆಗೆ, ಅಂದರೆ ಈಗಿನ ವಸ್ತುಸಂಗ್ರಹಾಲಯಕ್ಕೆ, ಹೋದಾಗ ಹಜಾರದ ನಡುವೆ ಒಂದು ಗಳಿಗೆ ನಿಂತು ನೋಡಿ. ಅಲ್ಲಿ ಭಾರ ಹೊತ್ತಿರುವುದು ಆ ದೊಡ್ಡ ದೊಡ್ಡ ಮರದ ಕಂಬಗಳು. ಕಂಬ ಭಾರ ಹೊತ್ತರೆ ಗೋಡೆ ಬರೀ ಮರೆ. ಇವತ್ತು ನಾವು ಕಟ್ಟುವ ಪಿಲ್ಲರ್ ಮನೆಯ ಲೆಕ್ಕವೂ ಅದೇ. ಮರದ ಜಾಗಕ್ಕೆ ಕಬ್ಬಿಣ ಸಿಮೆಂಟು ಬಂದಿದೆ, ಅಷ್ಟೆ. ಅದು ಬಂದದ್ದರಲ್ಲಿ ಪಕ್ಕದ ಭದ್ರಾವತಿಯ ಪಾಲೂ ಇದೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಾರ್ಖಾನೆ ಶುರು ಮಾಡಿ, 1923ರಲ್ಲಿ ಕಬ್ಬಿಣ ಇಳಿಸಿತು. ಮುಂದೆ ಉಕ್ಕು, ಸಿಮೆಂಟು ಎರಡೂ ಅಲ್ಲೇ ತಯಾರಾದವು. ಪಿಲ್ಲರ್ ಬಂತು, ಗೋಡೆ ತೆಳುವಾಯಿತು. ಹೊರಗೋಡೆ ಎಂಟೊಂಬತ್ತು ಇಂಚು, ಒಳಗೋಡೆ ನಾಲ್ಕು ಅಥವಾ ನಾಲ್ಕೂವರೆ. ನಾಲ್ಕು ಇಂಚಿನ ಗೋಡೆಯಲ್ಲಿ ಗೂಡು ಎಲ್ಲಿಂದ ಬರಬೇಕು? ಆ ಕಡೆಯ ಕೋಣೆಯವರಿಗೆ ಕಿಟಕಿ ಆದೀತು.

ದಪ್ಪ ಗೋಡೆ ಹೋದದ್ದಕ್ಕೆ ನಾನು ಅಳುವವನಲ್ಲ. ಎರಡಡಿ ಗೋಡೆ ಮೂವತ್ತು ನಲವತ್ತಡಿ ಸೈಟಿನಲ್ಲಿ ಒಂದು ಕೋಣೆಯನ್ನೇ ನುಂಗಿಬಿಡುತ್ತದೆ. ಆದರೆ ಗೋಡೆ ಕೊಡುತ್ತಿದ್ದ ಅನುಕೂಲ ಹೋದಾಗ ಬೇರೆ ಕಡೆ ಅದನ್ನು ಹುಡುಕಿಕೊಳ್ಳಬೇಕಿತ್ತು. ನಾವು ಹುಡುಕಲಿಲ್ಲ, ಚಕ್ರದ ಮೇಜು ತಂದೆವು.

ಹುಡುಕಿದರೆ ಅಂಥ ಜಾಗ ಇದೆ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಪಿಲ್ಲರಿನ ಪಕ್ಕದಲ್ಲಿ. ಒಂಬತ್ತು ಹನ್ನೆರಡು ಇಂಚಿನ ಪಿಲ್ಲರಿನ ನಡುವೆ ನಾಲ್ಕೂವರೆ ಇಂಚಿನ ಗೋಡೆ ಕಟ್ಟಿದರೆ ಪಿಲ್ಲರು ಕೋಣೆಯೊಳಗೆ ನಾಲ್ಕೂವರೆ ಇಂಚು ಚಾಚಿಕೊಂಡಿರುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ಅದರ ಪಕ್ಕದ ಕುಳಿಯನ್ನು ಪರದೆ ಇಳಿಬಿಟ್ಟೋ ಬೀರು ಇಟ್ಟೋ ಮುಚ್ಚುತ್ತಾರೆ. ನಿಮ್ಮ ಮಂಚದ ತಲೆದೆಸೆಯ ಹತ್ತಿರ ಅಂಥ ಕುಳಿ ಇದ್ದರೆ ಅದು ಭಾಗ್ಯ ಅಂದುಕೊಳ್ಳಿ. ಕಿಟಕಿಯ ಕಟ್ಟೆ ಇನ್ನೊಂದು ಜಾಗ. ಹೊರಗೋಡೆಯ ಕಿಟಕಿಯಲ್ಲಿ ಒಳಗಡೆಗೆ ನಾಲ್ಕೈದು ಇಂಚಿನ ಕಟ್ಟೆ ಸಿಗುತ್ತದೆ, ಆದರೆ ಮಳೆ ಹೊಡೆಯದ ಕಿಟಕಿ ಆಗಿರಬೇಕು. ಎರಡು ಕಡೆ ಬೀರು ಮಾಡಿಸಿ ನಡುವೆ ಮಂಚ ಹಾಕುವವರು, ಬೀರಿನ ಮಂಚದ ಕಡೆಯ ಮಗ್ಗುಲನ್ನು ಪೂರ್ತಿ ಮುಚ್ಚಿಸದೆ ಒಂದಡಿ ತೆರೆದ ಗೂಡು ಬಿಡಿಸಿಕೊಳ್ಳಬಹುದು. ಬಡಗಿಗೆ ಮೊದಲೇ ಹೇಳಿದರೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಆಮೇಲೆ ಹೇಳಿದರೆ ಹಲಗೆ ಕೊರೆಯಬೇಕು.

ಗೋಡೆಯನ್ನೇ ಕೊರೆಸುವ ಆಸೆ ಇರುವವರಿಗೆ ಎರಡು ಮಾತು. ಪಿಲ್ಲರು, ಬೀಮು ಮುಟ್ಟುವ ಹಾಗೇ ಇಲ್ಲ, ಅರ್ಧ ಇಂಚು ಕೂಡ. ಅದರೊಳಗಿನ ಕಬ್ಬಿಣಕ್ಕೆ ಗಾಳಿ ನೀರು ತಾಗಿದರೆ ತುಕ್ಕು ಹಿಡಿದು ಉಬ್ಬಿ ಇಡೀ ಮೈ ಬಿರಿಯುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬಾರದು, ವೈರಿನ ಪೈಪು ಅಲ್ಲೇ ಹೋಗಿರುತ್ತದೆ. ಕೋಟೆ, ಗಾಂಧಿ ಬಜಾರಿನ ಕಡೆಯ ಹಳೆಯ ಮನೆಗಳಲ್ಲಿ ಗೋಡೆಯೇ ಭಾರ ಹೊತ್ತಿರುತ್ತದೆ. ದಪ್ಪ ಇದೆಯಲ್ಲ ಅಂತ ಸುತ್ತಿಗೆ ಉಳಿ ತಗೊಂಡು ಹೊರಡಬೇಡಿ. ಕಟ್ಟುವಾಗ ಬಿಟ್ಟ ಗೂಡೇ ಬೇರೆ, ಕಟ್ಟಿದ ಮೇಲೆ ಕೊರೆದ ಗೂಡೇ ಬೇರೆ. ಕೊರೆಯುವಷ್ಟು ಹೊತ್ತು ನೆತ್ತಿಗೆ ಆಸರೆ ಇರುವುದಿಲ್ಲ. ತಿಳಿದವರನ್ನು ಕರೆಸಿ ತೋರಿಸಿ.

ನಾವು ಕೊರೆಯಲಿಲ್ಲ, ಕಟ್ಟಿದೆವು. ಪಿಲ್ಲರಿನ ಪಕ್ಕದ ಕುಳಿಯಲ್ಲಿ ನೆಲದಿಂದಲೇ ಎರಡು ಪುಟ್ಟ ಇಟ್ಟಿಗೆ ಕಾಲು ಎಬ್ಬಿಸಿ, ಮೇಲೆ ಒಂದಿಂಚು ದಪ್ಪದ ಕಡಪ ಕಲ್ಲು ಕೂರಿಸುವುದು ಅಂತ ತೀರ್ಮಾನವಾಯಿತು. ಆಳ ಎಂಟು ಇಂಚು. ನಾಲ್ಕೂವರೆ ಇಂಚು ಪಿಲ್ಲರಿನ ಮರೆಯಲ್ಲಿ, ಉಳಿದದ್ದು ಮುಂದಕ್ಕೆ. ಎತ್ತರ ಎಷ್ಟಿಡಲಿ ಅಂತ ಮೇಸ್ತ್ರಿ ನನ್ನನ್ನು ಕೇಳಿದರು. ಎರಡೂವರೆ ಅಡಿ ಇಡಿ ಅಂದೆ, ಮೇಜುಗಳೆಲ್ಲ ಅಷ್ಟೇ ಎತ್ತರ ಇರುತ್ತವಲ್ಲ ಅಂತ. ಅವರು ಒಪ್ಪಲಿಲ್ಲ. ಅಮ್ಮನ ಕಡೆ ತಿರುಗಿ, ‘ಅಮ್ಮಾ, ಒಂದ್ಸಲ ಮಲ್ಕೊಂಡು ತೋರ್ಸಿ. ಕಣ್ ಮುಚ್ಕೊಳ್ಳಿ. ಕತ್ಲೇಲಿ ನೀರು ಬೇಕು ಅಂತ ಇಟ್ಕೊಳ್ಳಿ’ ಅಂದರು. ಅಮ್ಮ ಮಲಗಿ ಕಣ್ಣು ಮುಚ್ಚಿ ಕೈ ಚಾಚಿದಳು. ‘ಅಷ್ಟು ಚಾಚ್ಬೇಡಿ, ಮೊಣಕೈ ಮಡಚಿರ್ಲಿ’ ಅಂದರು. ಬೆರಳು ಗೋಡೆಗೆ ತಾಗಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಟೇಪು ಹಿಡಿದು ನೋಡಿದರೆ ನೆಲದಿಂದ ಎರಡಡಿ ನಾಲ್ಕು ಇಂಚು. ಹಾಸಿಗೆಯ ಮೇಲ್ಮಟ್ಟದಿಂದ ಐದು ಇಂಚು.

ಆ ಐದು ಇಂಚಿನಲ್ಲಿ ಎಲ್ಲವೂ ಇದೆ. ಹಾಸಿಗೆಗಿಂತ ಕೆಳಗಿದ್ದರೆ ಮಲಗಿದವರು ಮಂಚದಿಂದಾಚೆ ಬಾಗಬೇಕು, ನಿದ್ದೆಗಣ್ಣಲ್ಲಿ ಹಾಗೆ ಬಾಗಿದವರೇ ಉರುಳುವುದು. ತುಂಬ ಮೇಲಿದ್ದರೆ ಲೋಟದ ನೀರು ಮುಖಕ್ಕೆ. ಮೊಣಕೈ ಮಡಚಿರಬೇಕು ಅಂದದ್ದೂ ಅದಕ್ಕೇ: ಕೈ ಪೂರ್ತಿ ಚಾಚಿದರೆ ಅದರ ಹಿಂದೆಯೇ ಭುಜ ಬರುತ್ತದೆ, ಭುಜದ ಹಿಂದೆ ಮೈ. ಅಜ್ಜಿಯ ಗೂಡಿನ ಅಳತೆ ಇವತ್ತಿನ ಮಂಚಕ್ಕೆ ಹೊಂದುವುದಿಲ್ಲ, ಅದು ನೆಲದ ಹಾಸಿಗೆಯ ಲೆಕ್ಕ. ಮಂಚ, ಅದರ ಮೇಲೆ ಆರು ಎಂಟು ಇಂಚಿನ ಗಾದಿ ಸೇರಿ ಈಗ ಎರಡಡಿ ಹತ್ತಿರ ಆಗುತ್ತದೆ. ಗಾದಿ ಬದಲಾಯಿಸಿದರೆ ಅಳತೆಯೂ ಬದಲಾಗುತ್ತದೆ, ಹಾಗಾಗಿ ಮೊದಲು ಮಂಚ ಗಾದಿ ಬರಲಿ, ಆಮೇಲೆ ಗೂಡು. ಕಲ್ಲಿನ ಮುಂದಿನ ಅಂಚನ್ನು ಉಜ್ಜಿಸಿ ದುಂಡಗೆ ಮಾಡಿಸುವುದನ್ನು ಮಾತ್ರ ಮರೆಯಬೇಡಿ. ಕೈ ಊರುವವರ ಅಂಗೈಗೆ ಅದು ತಾಗುವುದು ದಿನಕ್ಕೆ ನಾಲ್ಕು ಸಲ.

ಹೀಗೆ ಇರುವ ಜಾಗವನ್ನು ಉಪಯೋಗಿಸಿಕೊಳ್ಳುವ ವಿದ್ಯೆಯಲ್ಲಿ ಲಾರಿ ಬೇಕರ್ ದೊಡ್ಡ ಹೆಸರು. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೇರಳದಲ್ಲಿ ನೆಲೆಸಿ, 2007ರಲ್ಲಿ ತಿರುವನಂತಪುರದಲ್ಲೇ ತೀರಿಕೊಂಡವರು. ಕಡಿಮೆ ಖರ್ಚಿನಲ್ಲಿ ಕಟ್ಟಿದ ಮನೆಗಳಲ್ಲಿ ಕೂರುವ ಕಟ್ಟೆ, ಕಪಾಟು, ಗೂಡು ಎಲ್ಲವನ್ನೂ ಗೋಡೆಯ ಜೊತೆಗೇ ಇಟ್ಟಿಗೆಯಲ್ಲಿ ಕಟ್ಟಿಬಿಡುತ್ತಿದ್ದರು. ಇಟ್ಟಿಗೆಗಳನ್ನು ಅಡ್ಡಕ್ಕೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಒಂಬತ್ತು ಇಂಚಿನ ಗೋಡೆ ಕಟ್ಟಿ, ಸುಮಾರು ಕಾಲು ಭಾಗ ಇಟ್ಟಿಗೆ ಉಳಿಸುವ ವಿಧಾನವನ್ನು ನಮ್ಮ ದೇಶದಲ್ಲಿ ಪ್ರಚಾರಕ್ಕೆ ತಂದವರೂ ಅವರೇ. ಹೊಸದಾಗಿ ಮನೆ ಕಟ್ಟುವವರು ಅವರ ಕಟ್ಟಡಗಳನ್ನೊಮ್ಮೆ ನೋಡಿ ಬರಬೇಕು.

ಗೂಡಿನಲ್ಲಿ ಏನಿಡಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು. ಅಮ್ಮನ ಗೂಡಿನಲ್ಲಿ ಕನ್ನಡಕ, ನೀರು, ಟಾರ್ಚು, ಒಂದು ಪುಟ್ಟ ಪೂಜೆ ಗಂಟೆ ಇವೆ. ಗಂಟೆ ನಮ್ಮನ್ನು ಕರೆಯಲು. ಮಾತ್ರೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ರಾತ್ರಿ ನುಂಗಬೇಕಾದ ಒಂದೇ ಮಾತ್ರೆ ಮುಚ್ಚಳದಲ್ಲಿಟ್ಟಿರುತ್ತೇವೆ, ಇಡೀ ಸ್ಟ್ರಿಪ್ ಅಲ್ಲ. ನಿದ್ದೆಗಣ್ಣಲ್ಲಿ ನುಂಗಿದ್ದು ಮರೆತು ಇನ್ನೊಂದು ನುಂಗುವವರು ಎಷ್ಟೋ ಜನ. ಸೊಳ್ಳೆಬತ್ತಿ, ಮೇಣದಬತ್ತಿ ಗೂಡಿಗೆ ಬೇಡವೇ ಬೇಡ. ಅಜ್ಜಿಯ ಕಾಲದ ಆ ಮಸಿಯ ಗುರುತು ನೋಡಲು ಚೆಂದ, ಆದರೆ ಪಕ್ಕದಲ್ಲಿ ಸೊಳ್ಳೆಪರದೆ ಕಟ್ಟಿ ದೀಪ ಹಚ್ಚಿಡುತ್ತಿದ್ದದ್ದು ನೆನೆದರೆ ಈಗ ಎದೆ ಝಲ್ಲೆನ್ನುತ್ತದೆ. ಫೋನು ಚಾರ್ಜಿಗೆ ಹಾಕುವುದಾದರೆ ತೆರೆದ ಗೂಡಿನಲ್ಲಿ, ಕಲ್ಲಿನ ಮೇಲೆ. ದಿಂಬಿನಡಿ ಅಲ್ಲ. ಕೋಣೆಯ ದೀಪದ ಎರಡನೇ ಸ್ವಿಚ್ಚು ಗೂಡಿನ ಪಕ್ಕದಲ್ಲೇ ಇದ್ದರೆ, ಬಾಗಿಲಲ್ಲಿ ಹಾಕಿದ ದೀಪವನ್ನು ಮಲಗಿದಲ್ಲಿಂದ ಆರಿಸಬಹುದು. ಇದಕ್ಕೆ ಟೂ ವೇ ಸ್ವಿಚ್ ಅಂತ ಕೇಳಿ.

ನಮ್ಮ ಮಳೆಗಾಲದ್ದೊಂದು ಎಚ್ಚರಿಕೆ ಇದೆ. ಮುಂಗಾರು ಹೊಡೆಯುವುದು ಪಡುವಣ ಮತ್ತು ತೆಂಕಣ ಗೋಡೆಗೆ. ಅಲ್ಲಿ ಗೂಡು ಬಿಟ್ಟರೆ ಗೋಡೆ ಅಷ್ಟು ತೆಳುವಾಗಿ, ಥಂಡಿ ಮೊದಲು ಕಾಣಿಸಿಕೊಳ್ಳುವುದು ಅಲ್ಲೇ. ಆಷಾಢಕ್ಕೆ ಒಳಗಿಟ್ಟ ಪುಸ್ತಕ ಮೆತ್ತಗಾಗಿ, ಶ್ರಾವಣಕ್ಕೆ ಬೂಷ್ಟು ಹಿಡಿದಿರುತ್ತದೆ. ಆದಷ್ಟು ಒಳಗೋಡೆಯ ಕಡೆ ಮಾಡಿಸಿ. ಹೊರಗೋಡೆಗೆ ಬೀರು ಇಡುವವರೂ ಎರಡು ಇಂಚು ಬಿಟ್ಟು ಇಡಬೇಕು, ಹಿಂದೆ ಗಾಳಿ ಆಡಲಿ. ಮಂಚದ ತಲೆಯ ಮೇಲೆ ಉದ್ದಕ್ಕೂ ಬೀರು ಹೊಡೆಸುವ ಈಚಿನ ರೂಢಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಮಲಗಿದವರ ತಲೆಯ ಮೇಲೆ ಭಾರ ತೂಗುಹಾಕುವುದು ಬೇಡ. ಮಂಚದಡಿಯ ಡ್ರಾಯರು ಗಟ್ಟಿಮುಟ್ಟಾದವರಿಗೆ ಸರಿ, ಬಾಗಲಾರದವರಿಗೆ ಅದು ಇದ್ದೂ ಇಲ್ಲ.

ಬಾಣಂತಿ ಕೋಣೆಯನ್ನು ಮರೆಯುವ ಹಾಗಿಲ್ಲ. ಕೋಟೆಯ ಆ ಗೂಡು ಅಜ್ಜಿಗೆ ಸೇರುವ ಮುಂಚೆ ಬಾಣಂತಿಯರದ್ದಾಗಿತ್ತು. ನನ್ನಮ್ಮನೂ ಅಲ್ಲೇ ಮಲಗಿದ್ದಳು. ಹರಳೆಣ್ಣೆ ಬಟ್ಟಲು, ತೇಯುವ ಬಜೆ, ಕಾಡಿಗೆ ಡಬ್ಬಿ, ಮಡಚಿಟ್ಟ ಹಳೆಯ ಪಂಚೆಯ ತುಂಡುಗಳು. ಒಂದು ಕೈಯಲ್ಲಿ ಮಗು ಇರುವವಳಿಗೆ ಉಳಿಯುವುದು ಇನ್ನೊಂದು ಕೈ. ಆ ಒಂದು ಕೈಗೆ ಎಲ್ಲವೂ ಸಿಗಬೇಕು, ಎಡ ಮಗ್ಗುಲಿಗೆ ತಿರುಗಿದರೂ ಬಲ ಮಗ್ಗುಲಿಗೆ ತಿರುಗಿದರೂ.

ಬಾಡಿಗೆ ಮನೆಯವರು ಏನು ಮಾಡಬೇಕು? ಮೊಳೆ ಹೊಡೆದರೂ ಮಾಲೀಕರ ಮುಖ ಸಣ್ಣಗಾಗುತ್ತದೆ. ಅದಕ್ಕೆ ಉಪಾಯವನ್ನು ಅಮ್ಮ ರೈಲಿನಲ್ಲಿ ಕಂಡುಕೊಂಡಳು. ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಹೋಗುವಾಗ ಬರ್ತಿನ ಪಕ್ಕ ಒಂದು ಪುಟ್ಟ ಬಲೆಯ ಚೀಲ ಇತ್ತು. ಕನ್ನಡಕ ಅದರಲ್ಲಿಟ್ಟು ಮಲಗಿದ್ದಳು. ಊರಿಗೆ ಬಂದವಳೇ ಹಳೆಯ ಹತ್ತಿ ಸೀರೆಯ ದಪ್ಪ ಸೆರಗನ್ನು ಎರಡು ಮಡಿಕೆ ಮಾಡಿ, ಎರಡಡಿ ಉದ್ದದ ಪಟ್ಟಿ ಹೊಲಿದಳು. ಅರ್ಧ ಭಾಗ ಗಾದಿಯಡಿ ತೂರಿಸಬೇಕು, ಗಾದಿಯ ಭಾರಕ್ಕೇ ಅದು ನಿಲ್ಲುತ್ತದೆ. ಉಳಿದರ್ಧ ಮಗ್ಗುಲಿಗೆ ಇಳಿಬೀಳುತ್ತದೆ, ಅದಕ್ಕೆ ಮೂರು ಕಿಸೆ. ಇದರ ಮೇಲೆ ಕೈ ಊರಲು ಬರುವುದಿಲ್ಲ, ಹಾಗಾಗಿ ವಯಸ್ಸಾದವರಿಗೆ ಇದೊಂದೇ ಸಾಲದು. ಹುಡುಗರಿಗೆ ಧಾರಾಳ ಆಯಿತು.

ಹೋದ ತಿಂಗಳು ಅಂಥದ್ದೇ ಇನ್ನೊಂದನ್ನು ಹೊಲಿದು, ಬೆಂಗಳೂರಿನ ಪಿಜಿಯಲ್ಲಿರುವ ಮೊಮ್ಮಗಳಿಗೆ ಕಳಿಸಿದಳು. ಒಂದು ಕಿಸೆ ಫೋನಿನ ಅಳತೆಗೆ, ಒಂದು ಕನ್ನಡಕದ ಅಳತೆಗೆ. ಮೂರನೆಯದು ದೊಡ್ಡದು. ಇದು ಯಾತಕ್ಕಮ್ಮ ಅಂದರೆ, ‘ಅದು ನಂಗೇನ್ ಗೊತ್ತು, ಅವ್ಳಿಗೆ ರಾತ್ರಿ ಏನ್ ಬೇಕಾಗುತ್ತೋ’ ಅಂದಳು.